ಸಲೋಮಿಯ ಮನೆಯ ಪಾಳಿ

ಪ್ರಿಯ ಬಾಲವಾಚಕರೇ, ಈ ಕಥಾನಕದಲ್ಲಿ ರಾಜಕುಮಾರರಿಲ್ಲ, ರಾಕ್ಷಸರಿಲ್ಲ, ನೆಲಮಾಳಿಗೆಯ ಗುಪ್ತನಿಧಿಯೂ ಇಲ್ಲ. ದಾಂಡೇಲಿಗೆ ಕಾಗದದ ಕಾರ್ಖಾನೆ ಬಂದು ನಾಲ್ಕೈದು ವರುಷಗಳಾಗಿದ್ದ ಕಾಲದಲ್ಲಿ, ಹತ್ತು ವರುಷದ ಒಬ್ಬ ಹುಡುಗಿಗೆ ಒಂದೇ ಒಂದು ವಾಕ್ಯ ಬೇಕಾಗಿತ್ತು, ಅದು ಅವಳಿಗೆ ಸಿಕ್ಕಿರಲಿಲ್ಲ. ವಿಷಯ ಇಷ್ಟೇ. ಸಾವಧಾನಚಿತ್ತರಾಗಿ ಓದಬೇಕೆಂದು ಸವಿನಯ ಪ್ರಾರ್ಥನೆ.

“ಏಳನೇ ಮನಿ... ಸಮುವೇಲಪ್ಪನ ಮನಿ.”

ಕ್ರಿಸ್ತಜಯಂತಿಯ ಹಿಂದಿನ ಭಾನುವಾರ, ದೇವದಾನ ಉಪದೇಶಿಗಳು ಪಟ್ಟಿಯಿಂದ ಇಷ್ಟು ಓದಿ ನಿಲ್ಲಿಸಿದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಚಾಪೆಯ ಮೇಲೆ ಕುಳಿತಿದ್ದ ಹೆಂಗಸರ ಕಡೆ ನೋಡಿದರು. ಆ ನೋಟ ಸಲೋಮಿಯ ಮೇಲೆ ಬಂದು ನಿಂತಿತು.

“ನಿಮ್ಮ ಮನೀದು ಯಾರು ಹೇಳ್ತೀರಿ, ತಂಗಿ?”

ಸಲೋಮಿ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಸುತ್ತಿದ್ದನ್ನು ಬಿಚ್ಚಿದಳು.

“ಅಕಿ ಅವ್ವ ಹೇಳ್ತಿದ್ಳಲ್ರಿ, ಅಜ್ಜಾರ!” ಎಂದು ಗಂಡಸರ ಸಾಲಿನಿಂದ ರೂಬೇನ ಕೂಗಿದ. ಅವನ ತಂದೆ ಅವನ ಕಿವಿ ಹಿಂಡಿದರು.

“ಯಾಕಪಾ? ಖರೇನ ಹೇಳೇನಿ!”

“ಖರೇನ ಹೇಳಿ. ಅದಕ್ಕ ಹಿಂಡೇನಿ. ಸುಮ್ನ ಕುಂದ್ರು.”

ಯಾರೂ ನಗಲಿಲ್ಲ. ಉಪದೇಶಿಗಳು ಏಳನೆಯ ಮನೆಯ ಮುಂದೆ ಪೆನ್ಸಿಲ್ಲಿನಿಂದ ಸಣ್ಣ ಚುಕ್ಕೆಯಿಟ್ಟು ಎಂಟನೆಯ ಮನೆಗೆ ಹೋದರು.

ಆಗ ದಾಂಡೇಲಿಯಲ್ಲಿ ಕನ್ನಡ ಕ್ರೈಸ್ತರ ಮನೆಗಳು ಇದ್ದದ್ದು ಹನ್ನೊಂದೇ. ಕಾರ್ಖಾನೆಯ ಕೆಲಸಕ್ಕೆಂದು ಗದಗ, ಬೆಟಗೇರಿ, ಧಾರವಾಡದ ಕಡೆಯಿಂದ ಬಂದವರು ಅವರು. ದೇವಾಲಯ ಇನ್ನೂ ಕಟ್ಟಿರಲಿಲ್ಲ. ತಗಡಿನ ಮಾಡಿನ ಒಂದು ಉದ್ದನೆಯ ಖೋಲಿಯಲ್ಲಿ ಆರಾಧನೆ ನಡೆಯುತ್ತಿತ್ತು. ಪಾಸ್ಟರರು ಎರಡು ತಿಂಗಳಿಗೊಮ್ಮೆ ಧಾರವಾಡದಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ, ಶಾಲೆಯ ನೌಕರಿಯಿಂದ ನಿವೃತ್ತರಾಗಿದ್ದ ಉಪದೇಶಿಗಳೇ ಎಲ್ಲವನ್ನೂ ನಡೆಸುತ್ತಿದ್ದರು.

ತಾವು ಬಿಟ್ಟು ಬಂದ ಊರುಗಳಿಂದ ಆ ಜನ ಒಂದು ಪದ್ಧತಿಯನ್ನು ಜೊತೆಗೆ ತಂದಿದ್ದರು. ಅದರ ಹೆಸರು ಮನೆಸ್ತೋತ್ರ. ಕ್ರಿಸ್ತಜಯಂತಿಯ ಬೆಳಗ್ಗೆ ಒಂದೊಂದು ಮನೆಯಿಂದ ಒಬ್ಬೊಬ್ಬರು ಎದ್ದು ನಿಲ್ಲಬೇಕು. ಆ ವರುಷ ತಮ್ಮ ಮನೆಗೆ ದೇವರು ಮಾಡಿದ ಯಾವುದಾದರೂ ಒಂದು ಉಪಕಾರವನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಆಗ ಸಭೆಯೆಲ್ಲ ಒಂದೇ ದನಿಯಲ್ಲಿ “ಸ್ತೋತ್ರ, ಸ್ವಾಮಿ” ಅನ್ನಬೇಕು. ಆಮೇಲೆ ಮುಂದಿನ ಮನೆಯ ಪಾಳಿ.

ಸಲೋಮಿಯ ಮನೆಯಲ್ಲಿ ಅವ್ವನೇ ಹೇಳುತ್ತಿದ್ದಳು. ಹೋದ ವರುಷ ಎದ್ದು ನಿಂತು, “ನಮ್ಮ ಸಲೋಮಿಗೆ ಹದಿಮೂರರ ಮಗ್ಗಿ ಬಂತು,” ಎಂದಿದ್ದಳು. ಸಭೆಯೆಲ್ಲ ನಕ್ಕಿತ್ತು. ಸಲೋಮಿ ನಾಚಿಕೆಯಿಂದ ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಈ ವರುಷದ ಶ್ರಾವಣದ ಮಳೆಯಲ್ಲಿ ಅವ್ವ ಮಾರ್ಥವ್ವನಿಗೆ ಜ್ವರ ಬಂತು. ಆರನೆಯ ದಿನ ಆ ಮನೆಯಲ್ಲಿ ಸೆರಗು ಇರಲಿಲ್ಲ, ಅವ್ವ ಇರಲಿಲ್ಲ.

ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಸಲೋಮಿ ಉಪದೇಶಿಗಳ ಬಳಿ ಬಂದು ನಿಂತಳು.

“ಅಜ್ಜಾರ, ನಮ್ಮ ಮನಿ ಈ ವರ್ಷ ಬಿಟ್ಟಬಿಡ್ರಿ.”

“ಬಿಡೂದಂದ್ರ? ಆರಾದ ಮ್ಯಾಲ ಎಂಟು ಎಣಸ್ಲೇನು? ನಾ ಸಾಲಿ ಮಾಸ್ತರ ಇದ್ದಾಂವ, ತಂಗಿ.”

ಸಲೋಮಿ ನಗಲಿಲ್ಲ. “ಹೇಳಾಕ ಏನೂ ಇಲ್ರಿ,” ಎಂದಳು.

ಉಪದೇಶಿಗಳು ಪಟ್ಟಿಯನ್ನು ಮಡಿಸಿದರು. “ಇಲ್ಲಂದ್ರ ಇಲ್ಲ ಅಂತ ಹೇಳು. ದೇವರ ಮುಂದ ಸುಳ್ಳು ಸ್ತೋತ್ರ ಬ್ಯಾಡ. ಆದ್ರ ಎದ್ದು ನಿಂತು ಹೇಳು. ಬಾಯಿ ಮುಚ್ಚಿಕೊಂಡು ಕುಂತ್ರ ಅವಗ ಹೆಂಗ ತಿಳೀಬೇಕು?”

“ಅವಗ ಎಲ್ಲಾ ತಿಳಿತೈತಿ ಅಂತ ನೀವ ಹೇಳೀರಿ.”

ಮುದುಕರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಒರೆಸುವುದು ಬಹಳ ಹೊತ್ತು ನಡೆಯಿತು.

“ಹೌದು, ಹೇಳೇನಿ. ತಿಳಿತೈತಿ. ಆದ್ರೂ ನಮ್ಮ ಬಾಯಿಲೆ ಕೇಳಬೇಕು ಅಂತ ಆಸೆ ಇರ್ತೈತಿ ಅವಗ. ಅಪ್ಪ ಅಲ್ಲೇನವ್ವಾ ಅವಾ?”

ಅಪ್ಪ ಎಂಬ ಮಾತು ಬಂದಿದ್ದರಿಂದ ಸಲೋಮಿ ಮುಂದೆ ಕೇಳಲಿಲ್ಲ. ಅವಳಿಗೆ ಗೊತ್ತಿದ್ದ ಅಪ್ಪ ಏನನ್ನೂ ಕೇಳುತ್ತಿರಲಿಲ್ಲ.

ಸಮುವೇಲಪ್ಪ ಕಾರ್ಖಾನೆಯ ಬಿದಿರಿನ ಅಂಗಳದಲ್ಲಿ ಕೆಲಸ ಮಾಡುತ್ತಿದ್ದ. ಸುಪಾದ ಕಾಡಿನಿಂದ ಲಾರಿಗಳಲ್ಲಿ ಬರುವ ಬಿದಿರನ್ನು ಇಳಿಸುವುದು, ಒಟ್ಟುವುದು, ಮತ್ತೆ ಇಳಿಸುವುದು. ಹೆಂಡತಿಯನ್ನು ಮಣ್ಣು ಮಾಡಿದ ದಿನ ಅವನು ಅಳಲಿಲ್ಲ. ಮರುದಿನವೂ ಅಳಲಿಲ್ಲ. ಮೂರನೆಯ ದಿನ ಪಾಳಿಗೆ ಹೋದ. ಕಾರ್ಮಿಕರ ಸಾಲುಮನೆಗಳ ಆ ಚಾಳಿನ ಗಂಡಸರು “ಗಟ್ಟಿ ಮನಶ್ಯಾ” ಎಂದರು. ನಳದ ಹತ್ತಿರ ಒಬ್ಬ ಹೆಂಗಸು “ಕಲ್ಲು, ಕಲ್ಲು” ಎಂದದ್ದನ್ನು ಸಲೋಮಿ ಕೊಡದಲ್ಲಿ ನೀರು ಬೀಳುವ ಸದ್ದಿನ ನಡುವೆಯೂ ಕೇಳಿಸಿಕೊಂಡಿದ್ದಳು.

ಅಂದಿನಿಂದ ಅವನು ಆರಾಧನೆಗೂ ಬಂದಿರಲಿಲ್ಲ. ಮನೆಯಲ್ಲಿ ಮಾತೆಂದರೆ “ನೀರು ಬಂತೇನು?”, “ಉಪ್ಪು ಐತೇನು?”, “ಕದಾ ಹಾಕ್ಕೊ.” ಇಷ್ಟೇ.

ಆ ಭಾನುವಾರ ಊಟಕ್ಕೆ ಕುಳಿತಾಗ ಸಲೋಮಿ ಧೈರ್ಯ ಮಾಡಿ ಕೇಳಿದಳು.

“ಅಪ್ಪಾ, ಬುಧವಾರ ಬರ್ತೀ?”

“ಎಲ್ಲಿಗೆ?”

“ಕ್ರಿಸ್ತಜಯಂತಿ. ನಮ್ಮ ಮನೀದು ಯಾರಾರ ಹೇಳ್ಬೇಕು.”

ಸಮುವೇಲಪ್ಪ ರೊಟ್ಟಿ ಮುರಿದ. ಮುರಿದ ತುಂಡನ್ನು ತಾಟಿನಲ್ಲೇ ಇಟ್ಟ.

“ನನಗೂ ದೇವರಿಗೂ ಮಾತಿಲ್ಲವ್ವಾ,” ಎಂದು ಹೇಳಿ ಕೈ ತೊಳೆದುಕೊಂಡ.

ಸಲೋಮಿ ಆಗಲೇ ತೀರ್ಮಾನ ಮಾಡಿದಳು. ತಾನೇ ನಿಲ್ಲುವುದು. ನಿಂತು, ಎಲ್ಲರ ಎದುರಿಗೆ, “ನಮ್ಮ ಮನಿಗೆ ಈ ವರ್ಷ ಏನೂ ಇಲ್ಲ” ಎಂದು ಹೇಳುವುದು. ದೇವರು ಕೇಳಲಿ. ಕೇಳಿ ನಾಚಿಕೊಳ್ಳಲಿ.

ಸೋಮವಾರ ಶಾಲೆಯಿಂದ ಬರುವಾಗ ಅವಳು ಆ ವಾಕ್ಯವನ್ನು ಹೆಜ್ಜೆಗೊಂದು ಶಬ್ದದಂತೆ ಅಭ್ಯಾಸ ಮಾಡುತ್ತಿದ್ದಳು. ಹಿಂದಿನಿಂದ ರೂಬೇನ ಓಡಿ ಬಂದ.

“ಏ ಸಲೋಮಿ, ನಮ್ಮ ಮನೀದು ಏನ್ ಗೊತ್ತೇನು ಈ ವರ್ಷ? ಸೈಕಲ್! ರ‍್ಯಾಲೀ ಸೈಕಲ್. ಸೆಕೆಂಡ್ ಹ್ಯಾಂಡ್ ಐತಿ, ಆದ್ರ ಬೆಲ್ ಹೊಸಾದು. ನಮ್ಮಪ್ಪ ಸೈಕಲ್ ಅಂತಾನ, ನಮ್ಮವ್ವ ಮೂರು ಕೋಳಿ ಮೊಟ್ಟಿ ಹಾಕ್ತಾವಲ್ಲ, ಅದನ್ನ ಹೇಳೂಣು ಅಂತಾಳ. ಮನ್ಯಾಗ ಜಗಳಾ ನಡದೈತಿ. ನಿಮ್ಮದೇನು?”

“ನಮ್ಮದು ಏನೂ ಇಲ್ಲ.”

“ಏನೂ ಅಂದ್ರ... ಏನೂ?”

“ಏನೂ.”

ರೂಬೇನ ಸ್ವಲ್ಪ ದೂರ ಕಲ್ಲೊಂದನ್ನು ಒದೆಯುತ್ತ ಬಂದ. ಆಮೇಲೆ ಮೆಲ್ಲಗೆ, “ಒಂದು ಕೋಳಿ ಬೇಕಾದ್ರ ನೀ ಹೇಳು. ನಮಗ ಸೈಕಲ್ ಐತಲ್ಲ,” ಎಂದ.

ಸಲೋಮಿಗೆ ಸಿಟ್ಟು ಬಂತು. ಯಾಕೆ ಬಂತೆಂದು ಗೊತ್ತಾಗಲಿಲ್ಲ. ಆದರೆ ರೂಬೇನ ತನ್ನ ಓಣಿಗೆ ತಿರುಗಿದ ಮೇಲೆ ಅವಳ ಬಾಯಲ್ಲಿದ್ದ ವಾಕ್ಯ ಮೊದಲಿನಷ್ಟು ನೆಟ್ಟಗೆ ಬರಲಿಲ್ಲ. “ನಮ್ಮ ಮನಿಗೆ ಈ ವರ್ಷ ಏನೂ...” ಅಂದಾಗಲೆಲ್ಲ ಮಳೆಗಾಲಕ್ಕಿಂತ ಮೊದಲಿನ ದಿನಗಳು ಅಡ್ಡ ಬರುತ್ತಿದ್ದವು. ಯುಗಾದಿಯ ಹೊತ್ತಿಗೆ ಅವ್ವ ಇದ್ದಳು. ಮಾವಿನಕಾಯಿಯ ದಿನಗಳಲ್ಲಿ ಅವ್ವ ಇದ್ದಳು. ಅವಳೂ ಈ ವರುಷದಲ್ಲೇ ಇದ್ದಳು. ಏನೂ ಇಲ್ಲ ಎಂದರೆ ಅವ್ವನೂ ಇರಲಿಲ್ಲ ಎಂದಂತಾಗುತ್ತಿತ್ತು.

ಹಾಗಾದರೆ ಏನು ಹೇಳುವುದು?

ಅವ್ವನಿಗೆ ವಾಕ್ಯ ಸಿಗುತ್ತಿದ್ದದ್ದು ಎಲ್ಲಿ ಎಂದು ಸಲೋಮಿ ಯೋಚಿಸಿದಳು. ಸಿಗುತ್ತಿದ್ದದ್ದು ಒಲೆಯ ಮುಂದೆ. ಹಬ್ಬದ ಹಿಂದಿನ ದಿನ ಕರ್ಚಿಕಾಯಿ ಕರಿಯುತ್ತ ಅವ್ವ ತನ್ನಷ್ಟಕ್ಕೆ ತಾನೇ ಗೊಣಗುತ್ತಿದ್ದಳು. “ಇದನ್ನ ಹೇಳ್ಲೇನು... ಬ್ಯಾಡ, ಇದಲ್ಲ... ಅದು ಹೋದ ವರ್ಷದ್ದಾತು...” ಹೀಗೆ ಗೊಣಗುತ್ತ ಗೊಣಗುತ್ತ, ಕೊನೆಯ ಕರ್ಚಿಕಾಯಿ ಎಣ್ಣೆಯಿಂದ ಹೊರಗೆ ಬರುವಷ್ಟರಲ್ಲಿ ವಾಕ್ಯ ಸಿದ್ಧವಾಗಿರುತ್ತಿತ್ತು.

ಕರ್ಚಿಕಾಯಿ ಮಾಡಬೇಕು ಎಂದುಕೊಂಡಳು ಸಲೋಮಿ.

ಆದರೆ ಅದಕ್ಕೊಂದು ಅಡ್ಡಿ ಇತ್ತು. ಸಾವಾದ ಮನೆಯಲ್ಲಿ ವರುಷ ತುಂಬುವ ತನಕ ಹಬ್ಬಕ್ಕೆಂದು ಒಲೆಯ ಮೇಲೆ ಎಣ್ಣೆಯ ಬಾಣಲೆ ಇಡಬಾರದು. ಆ ಚಾಳಿನಲ್ಲಿ ಹಿಂದೂಗಳೂ ಇದನ್ನು ನಡೆಸುತ್ತಿದ್ದರು, ಕ್ರೈಸ್ತರೂ ನಡೆಸುತ್ತಿದ್ದರು. ಅಕ್ಕಪಕ್ಕದವರು ಕರಿದದ್ದನ್ನು ತಂದುಕೊಡಬೇಕು, ಸಾವಾದ ಮನೆಯವರು ತಿನ್ನಬೇಕು. ಪಕ್ಕದ ಮನೆಯ ಗೋದುಬಾಯಿ ಹಿಂದಿನ ವಾರವೇ ಬಂದು ಹೇಳಿದ್ದಳು: “ಪೋರಿ, ನಿಮ್ಮನ್ಯಾಗ ಎಣ್ಣಿ ಇಡೂ ಹಂಗಿಲ್ಲ, ನೆನಪಿರ್ಲಿ. ನಾನ ತಂದು ಕೊಡ್ತೇನಿ.”

ಮಂಗಳವಾರ ಅಪ್ಪ ಬೆಳಗಿನ ಪಾಳಿಗೆ ಹೋದ. ಸಲೋಮಿ ಶಾಲೆಗೆ ಹೋಗಲಿಲ್ಲ. ಅಗುಳಿ ಹಾಕದೆ ಕದ ಮುಚ್ಚಿ, ಡಬ್ಬಿಗಳನ್ನು ಇಳಿಸಿದಳು. ಮೈದಾ ಹಿಟ್ಟು ಇತ್ತು, ರವೆ ಇತ್ತು. ಒಣಕೊಬ್ಬರಿಯ ಅರ್ಧ ಗಿಟಕು ಇತ್ತು. ಪುಠಾಣಿಯನ್ನು, ಅಂದರೆ ಹುರಿಗಡಲೆಯನ್ನು, ಒಳಕಲ್ಲಿನಲ್ಲಿ ಕುಟ್ಟಿದಳು. ಸಕ್ಕರೆ ಸಾಲದ್ದಕ್ಕೆ ಬೆಲ್ಲ ಸೇರಿಸಿದಳು. ಹಿಟ್ಟು ನಾದಿದಳು. ಅವ್ವನ ಕೈಯಲ್ಲಿ ಹಿಟ್ಟು ಹೇಗೆ ತಿರುಗುತ್ತಿತ್ತೋ ಹಾಗೆ ತಿರುಗಿಸಲು ಹೋದರೆ ಅದು ಪರಾತದಿಂದ ಹೊರಗೆ ಜಿಗಿಯಿತು.

ಪುಟ್ಟ ಹಾಳೆ ಲಟ್ಟಿಸಿ, ನಡುವೆ ಹೂರಣವಿಟ್ಟು, ಮಡಿಸಿ, ಅಂಚು ಒತ್ತಿದಳು. ಕಾದ ಎಣ್ಣೆಗೆ ನಾಲ್ಕು ಕರ್ಚಿಕಾಯಿ ಬಿಟ್ಟಳು.

ಮೊದಲು ಎಲ್ಲವೂ ಸರಿಯಾಗಿತ್ತು. ಕರ್ಚಿಕಾಯಿಗಳು ಮೇಲೆ ತೇಲಿ ಬಂದವು. ಸಲೋಮಿ ಗೊಣಗಲು ಶುರುಮಾಡಿದಳು. “ಇದನ್ನ ಹೇಳ್ಲೇನು...” ಅಷ್ಟರಲ್ಲಿ ಒಂದು ಬಾಯಿ ಬಿಟ್ಟಿತು. ಎರಡನೆಯದು ಬಿಟ್ಟಿತು. ಹೂರಣವೆಲ್ಲ ಎಣ್ಣೆಗೆ ಸುರಿದು, ಬೆಲ್ಲ ಕರಗಿ, ನೊರೆಯೆದ್ದು, ಮನೆ ತುಂಬ ಸೀದ ವಾಸನೆ ಹಬ್ಬಿತು. ಮತ್ತೆ ನಾಲ್ಕು ಬಿಟ್ಟಳು. ಅವೂ ಒಡೆದವು. ಹನ್ನೆರಡು ಕರ್ಚಿಕಾಯಿ ಹಾಕಿದಳು, ಹನ್ನೆರಡೂ ಒಡೆದವು. ಒಂದು ಹನಿ ಎಣ್ಣೆ ಹಾರಿ ಮುಂಗೈ ಸುಟ್ಟಿತು. ಸಲೋಮಿ ಕೈ ಊದಿಕೊಳ್ಳುತ್ತ ಅಲ್ಲಿಯೇ ಕುಸಿದು ಕುಳಿತಳು.

ಕದ ದೂಡಿಕೊಂಡು ಗೋದುಬಾಯಿ ಒಳಗೆ ಬಂದಳು.

“ಅಗಬಾಯೀ! ಎಣ್ಣಿ ಇಟ್ಟಿ? ವರ್ಷ ತುಂಬಿಲ್ಲ, ಆರ ತಿಂಗಳಾಗಿಲ್ಲ, ಎಣ್ಣಿ ಇಟ್ಟಿ?”

ಸಲೋಮಿ ಕೈ ಊದಿಕೊಳ್ಳುವುದನ್ನು ಬಿಟ್ಟು ನೆಲ ನೋಡಿದಳು.

“ನಾ ತಂದು ಕೊಡ್ತೇನಿ ಅಂದಿದ್ದೆ, ಇಲ್ಲೋ? ನನ್ನ ಕೈಯಿಂದು ಸೇರೂದಿಲ್ಲೇನು ನಿನಗ?”

“ನೀವು ತಂದ್ರ ತಿನ್ನಾಕಾಗ್ತೈತಿ,” ಎಂದಳು ಸಲೋಮಿ. “ನನಗ ಮಾಡ್ಬೇಕಾಗೇತಿ.”

ಗೋದುಬಾಯಿ ಬಾಣಲೆಯನ್ನು ನೋಡಿದಳು. ಪರಾತದಲ್ಲಿ ಉಳಿದಿದ್ದ ಹಿಟ್ಟನ್ನು ನೋಡಿದಳು. ಹುಡುಗಿಯ ಮುಂಗೈ ನೋಡಿದಳು. ಬಾಗಿ ಒಲೆಯಿಂದ ಕಟ್ಟಿಗೆಗಳನ್ನು ಹೊರಗೆಳೆದು ನೀರು ಚಿಮುಕಿಸಿದಳು.

“ಬಾಣಲಿ ಮುಟ್ಟಬ್ಯಾಡ, ತಾನ ಆರ್ಲಿ. ಪರಾತ ತಗೋ. ಹೂರಣದ ಡಬರಿ ತಗೋ. ಏಳು.”

“ಎಲ್ಲಿಗೆ?”

“ನಮ್ಮ ಮನಿಗೆ. ನಿಮ್ಮ ಒಲಿ ಮ್ಯಾಲ ಕರೀಬಾರ್ದು. ನನ್ನ ಒಲಿ ಮ್ಯಾಲ ನೀ ಕರದ್ರ ಯಾರು ಬ್ಯಾಡ ಅಂತಾರ? ನಾನೂ ನೋಡ್ತೇನಿ.”

ಗೋದುಬಾಯಿಯ ಮನೆಯಲ್ಲಿ ಬೇರೆ ಎಣ್ಣೆ, ಬೇರೆ ಬಾಣಲೆ. ಅವಳು ವಾಟಿಯಲ್ಲಿ ಹಾಲು ತಂದಿಟ್ಟಳು.

“ಅಂಚಿಗೆ ಹಾಲು ಹಚ್ಚಿ ಒತ್ತಬೇಕು, ಪೋರಿ. ಒಣಾ ಅಂಚು ಹೆಂಗ ಹಿಡೀತೈತಿ? ನಿಮ್ಮವ್ವ ಕಲಸ್ಲಿಲ್ಲೇನು?”

“ನಾ ಆಡಾಕ ಹೋಗ್ತಿದ್ದೆ.”

“ಹೋಗಬೇಕಾದ್ದ. ಕಲಿಯೂದಕ್ಕ ಟೈಮ್ ಐತಿ ಅಂತ ಆಕಿನೂ ಅನ್ಕೊಂಡಿರ್ತಾಳ.”

ಇಬ್ಬರೂ ಎದುರುಬದುರಾಗಿ ಕುಳಿತರು. ಸಲೋಮಿ ಹಾಲು ಹಚ್ಚಿ ಅಂಚು ಒತ್ತಿ ಎಣ್ಣೆಗೆ ಬಿಟ್ಟಳು. ಒಂದೂ ಒಡೆಯಲಿಲ್ಲ. ಗೋದುಬಾಯಿ ಮಾತಾಡುತ್ತಲೇ ಇದ್ದಳು.

“ನಿಮ್ಮವ್ವ ನನ್ನ ಜೋಡಿ ಎಂಟು ದಿನ ಮಾತು ಬಿಟ್ಟಿದ್ಳು, ಗೊತ್ತೇನು? ನಳದ ಕಡೆ ಒಂದು ಕೊಡ ನೀರಿಗೆ. ನಾನೂ ಬಿಟ್ಟಿದ್ದೆ. ನಾ ಏನು ಕಡಿಮಿ?”

“ಆಮ್ಯಾಲ?”

“ಆಮ್ಯಾಲ ದೀಪಾವಳಿ ಬಂತು. ಸಿಟ್ಟು ಸಿಟ್ಟಾಗಿದ್ರೂ ಚಕ್ಕಲಿ ಕೊಡಬೇಕಲ್ಲ, ಒಂದ ಗೋಡಿ ನಡುವ. ಕೊಟ್ಟೆ. ತಾಟು ತಿರುಗಿ ಕೊಡಾಕ ಬಂದ್ಳು. ಬರೇ ತಾಟು ಕೊಡಬಾರ್ದು ಅಂತ ಒಂದು ಹಿಡಿ ಸಕ್ರಿ ಹಾಕ್ಕೊಂಡು ಬಂದಿದ್ಳು. ಸಕ್ರಿ ತಂದಾಕಿಗೆ ಬಾ ಅನ್ನದ ಹೆಂಗ ಇರೂದು? ಬಾ ಅಂದಮ್ಯಾಲ ಕುಂದ್ರು ಅನ್ನದ ಹೆಂಗ?” ಗೋದುಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಹೊಗಿ ಭಾಳ ಐತಿ ಇವತ್ತು.”

ಹೊಗೆ ಅಷ್ಟೇನೂ ಇರಲಿಲ್ಲ.

ಕೊನೆಯ ಕರ್ಚಿಕಾಯಿ ಎಣ್ಣೆಯಿಂದ ಹೊರಗೆ ಬಂತು. ಇಪ್ಪತ್ತಾರು ಆಗಿದ್ದವು. ಸಲೋಮಿ ಗೊಣಗಿದ್ದಳು, ಹುಡುಕಿದ್ದಳು. ಆದರೆ ವಾಕ್ಯ ಬಂದಿರಲಿಲ್ಲ. ಅದು ಅವ್ವನಿಗಷ್ಟೇ ಬರುವ ವಿದ್ಯೆಯಾಗಿತ್ತೋ ಏನೋ.

ಕಾರ್ಖಾನೆಯ ಎರಡು ಗಂಟೆಯ ಭೋಂಗಾ ಕೂಗಿ, ಬೆಳಗಿನ ಪಾಳಿ ಬಿಟ್ಟು ಬಹಳ ಹೊತ್ತಾಗಿತ್ತು. ಬುಟ್ಟಿಯನ್ನು ಎದೆಗೆ ಅವುಚಿಕೊಂಡು ಸಲೋಮಿ ಮನೆಗೆ ಬಂದಳು. ಕದ ತೆರೆದಿತ್ತು.

ಅಪ್ಪ ಆರಿದ ಒಲೆಯ ಮುಂದೆ ಕುಳಿತಿದ್ದ. ಮೈಮೇಲಿನ ಬಿದಿರಿನ ಧೂಳು ಹಾಗೆಯೇ ಇತ್ತು. ತೊಡೆಯ ಮೇಲೆ ತಾಟು, ತಾಟಿನಲ್ಲಿ ಆ ಹನ್ನೆರಡು ಒಡೆದ ಕರ್ಚಿಕಾಯಿಗಳು. ಅವನು ಒಂದನ್ನು ಕೈಯಲ್ಲಿ ಹಿಡಿದಿದ್ದ. ಅರ್ಧ ತಿಂದಿದ್ದ. ಅವನ ಹೆಗಲು ಅಲುಗುತ್ತಿತ್ತು.

ಅಪ್ಪನಿಗೆ ಕೆಮ್ಮು ಬಂದಿದೆಯೆಂದು ಸಲೋಮಿ ಮೊದಲು ತಿಳಿದಳು. ಆಮೇಲೆ ಮುಖ ಕಂಡಿತು.

ಅವಳು ಬಾಗಿಲಲ್ಲೇ ನಿಂತಳು. ಅಪ್ಪ ಅಳುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವನು ಸದ್ದು ಮಾಡದೆ ಅಳುತ್ತಿದ್ದ, ಅಳುತ್ತ ಅಗಿಯುತ್ತಿದ್ದ. ಧೂಳು ಮೆತ್ತಿದ ಕೆನ್ನೆಯ ಮೇಲೆ ಕಣ್ಣೀರು ಎರಡು ದಾರಿ ಮಾಡಿಕೊಂಡಿತ್ತು.

“ಎಲ್ಲಾ ಒಡದ್ವು, ಅಪ್ಪಾ,” ಎಂದಳು. ಬೇರೇನು ಹೇಳಬೇಕೋ ತಿಳಿಯಲಿಲ್ಲ.

“ಬಾ,” ಎಂದ ಸಮುವೇಲಪ್ಪ.

ಅವಳು ಹೋಗಿ ಪಕ್ಕದಲ್ಲಿ ಕುಳಿತಳು. ಅವನು ಒಂದು ಕರ್ಚಿಕಾಯಿಯ ತುಂಡನ್ನು ಅವಳ ಕೈಗೆ ಕೊಟ್ಟ.

“ನಿಮ್ಮವ್ವ ಮದವಿ ಆಗಿ ಬಂದ ಮೊದಲನೇ ಕ್ರಿಸ್ತಜಯಂತಿಗೆ ಹಿಂಗ ಒಡದಿದ್ವು. ಒಂದೂ ಉಳೀಲಿಲ್ಲ. ನಮ್ಮವ್ವಗ ಅಂಜಿ ಕಣಜದ ಹಿಂದ ಮುಚ್ಚಿಟ್ಟಿದ್ಳು. ನಾ ಕಂಡೆ. ಹೇಳ್ತೇನಿ ನೋಡು ನಮ್ಮವ್ವಗ ಅಂತ ಕಾಡಿಸಿದೆ. ಅತ್ತ ಬಿಟ್ಳು.” ಅವನು ಮೂಗು ಒರೆಸಿಕೊಂಡ. “ಇಬ್ರೂ ಕೂಡಿ ಕದ್ದು ತಿಂದ್ವಿ. ಎರಡು ದಿನಾ ಹೊಟ್ಟಿ ನೂಸ್ತು.”

ಸಲೋಮಿಗೆ ನಗು ಬಂತು. ನಗುವಿನ ಹಿಂದೆಯೇ ಅಳು ಬಂತು. ಅಪ್ಪನ ತೋಳಿಗೆ ಮುಖವಿಟ್ಟು ಅಳುತ್ತ ಅಳುತ್ತ ಅವಳು ಎಲ್ಲವನ್ನೂ ಹೇಳಿದಳು. ಉಪದೇಶಿಗಳ ಮಾತು, ರೂಬೇನನ ಕೋಳಿ, ಬಾರದ ವಾಕ್ಯ.

“ಏನೂ ಇಲ್ಲ ಅಂತ ಹೇಳ್ಬೇಕು ಅಂತ ಮಾಡೇನಿ. ಆದ್ರ ಹಂಗನ್ನಾಕ ಬಾಯಿ ಬರವಲ್ದು.”

ಸಮುವೇಲಪ್ಪ ತಾಟನ್ನು ಕೆಳಗಿಟ್ಟ. ಹೊರಗೆ ಬಿದಿರಿನ ಲಾರಿಯೊಂದು ಹೋಯಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೆ ಅವನು ಮಾತಾಡಿದ.

“ನಿನಗ ಮೂರು ವರ್ಷ ಇದ್ದಾಗ ನಿನಗೊಬ್ಬ ತಮ್ಮ ಹುಟ್ಟಿದ್ದ.”

ಸಲೋಮಿ ತಲೆಯೆತ್ತಿದಳು.

“ಬೆಟಗೇರ್ಯಾಗ. ಎಂಟು ದಿನ ಇದ್ದ. ಹೆಸರೂ ಇಟ್ಟಿದ್ದಿಲ್ಲ. ಆ ವರ್ಷ ನಿಮ್ಮವ್ವ ಮನೆಸ್ತೋತ್ರಕ್ಕ ಎದ್ದು ನಿಂತ್ಳು. ನಿಂತು, ‘ಕೂಸು ಎಂಟು ದಿನ ಇತ್ತು’ ಅಂದ್ಳು. ಅಷ್ಟ.”

“ಅಷ್ಟನ?”

“ಅಷ್ಟ. ನನಗ ಎಲ್ಲಿಲ್ಲದ ಸಿಟ್ಟು ಬಂತು. ಮನಿಗೆ ಬಂದು ಒದರ್ಯಾಡಿದೆ. ಕೊಟ್ಟು ಕಸಗೊಂಡಾವಗ ಎಂಥಾ ಸ್ತೋತ್ರ ಅಂತ. ಆಕಿ ಏನಂದ್ಳು? ‘ಸಿಟ್ಟು ನನಗೂ ಐತಿ. ಅದನ್ನೂ ಅವಗ ಹೇಳೇನಿ, ದಿನಾ ಹೇಳ್ತೇನಿ. ಆದ್ರ ಎಂಟು ದಿನ ನನ್ನ ಕೂಸು ನನ್ನ ಮಗ್ಗಲದಾಗ ಇತ್ತು. ಅದನ್ನ ಇಲ್ಲ ಅಂತ ಹೆಂಗ ಅನ್ಲಿ?’ ಅಂದ್ಳು.”

ಒಲೆಯ ಬೂದಿಯ ಮೇಲೆ ಒಂದು ಇರುವೆ ಸಕ್ಕರೆಯ ಹರಳು ಹೊತ್ತು ಹೋಗುತ್ತಿತ್ತು. ಇಬ್ಬರೂ ಅದನ್ನೇ ನೋಡಿದರು.

“ನಾಳೆ ನೀ ಬಾ, ಅಪ್ಪಾ.”

“ಒಳಗ ಬರೂದು ಆಗೂದಿಲ್ಲವ್ವಾ ನನ್ನ ಕಡೆ. ಬಾಗಲ ತನಾ ಬರ್ತೇನಿ.”

ಬುಧವಾರ ಬೆಳಗ್ಗೆ ಕಾಳಿ ನದಿಯಿಂದ ಎದ್ದ ಮಂಜು ಚಾಳಿನ ತನಕ ಬಂದಿತ್ತು. ಅಪ್ಪ ಒಗೆದ ಅಂಗಿ ಹಾಕಿಕೊಂಡ. ಸಲೋಮಿ ತಾನೇ ಹೆರಳು ಹಾಕಿಕೊಂಡಳು. ಹೆರಳು ಸೊಟ್ಟಗಾಯಿತು. ಆರಾಧನೆಯ ಖೋಲಿಯ ಬಾಗಿಲಲ್ಲಿ ಬಣ್ಣದ ಕಾಗದದ ಸ್ಟಾರ್ ತೂಗಾಡುತ್ತಿತ್ತು. ಸಮುವೇಲಪ್ಪ ಅದರ ಕೆಳಗೆ ಬಂದು ನಿಂತ. ಮುಂದೆ ಹೆಜ್ಜೆ ಇಡಲಿಲ್ಲ.

ಹಾಡು ಆಯಿತು. ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸಿನ ಕತೆಯನ್ನು ಉಪದೇಶಿಗಳು ಓದಿದರು. ಆ ತಾಯಿಗೆ ಊರಲ್ಲಿ ಯಾರೂ ಜಾಗ ಕೊಡಲಿಲ್ಲ, ಆದರೂ ಆ ರಾತ್ರಿ ಬೆಳಕು ಬಂತು ಎಂದರು. ಆಮೇಲೆ ಪಟ್ಟಿ ತೆಗೆದರು.

ಒಂದನೆಯ ಮನೆಯವರಿಗೆ ಮೊಮ್ಮಗಳು ಹುಟ್ಟಿದ್ದಳು. “ಸ್ತೋತ್ರ, ಸ್ವಾಮಿ.” ಎರಡನೆಯ ಮನೆಯವರ ಕೆಲಸ ಖಾಯಂ ಆಗಿತ್ತು. “ಸ್ತೋತ್ರ, ಸ್ವಾಮಿ.” ನಾಲ್ಕನೆಯದು ರೂಬೇನನ ಮನೆ. ಅವನ ತಂದೆ ಎದ್ದು ನಿಂತು, ಹೆಂಡತಿಯ ಕಡೆ ಒಮ್ಮೆ ನೋಡಿ, ಕೆಮ್ಮಿ, “ಮೂರು ಕೋಳಿ,” ಎಂದರು. “ಬೆಲ್ ಹೊಸಾದಿತ್ತಪಾ!” ಎಂದು ರೂಬೇನ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

“ಏಳನೇ ಮನಿ.”

ಸಲೋಮಿ ಎದ್ದಳು. ಅವ್ವ ಹತ್ತು ವರುಷ ಇದ್ದಳು ಎನ್ನಬಹುದಾಗಿತ್ತು. ನಿನ್ನೆ ಸಂಜೆಯಿಂದ ಆ ಮಾತು ಅವಳ ನಾಲಿಗೆಯ ಹತ್ತಿರ ಬಂದು ಬಂದು ಹೋಗಿತ್ತು. ಆದರೆ ಅದು ಅವ್ವನ ವಾಕ್ಯ. ಅದನ್ನು ಹೇಳುವಷ್ಟು ದೊಡ್ಡವಳು ತಾನಿನ್ನೂ ಆಗಿಲ್ಲ ಎನ್ನಿಸಿತು. ಹತ್ತು ವರುಷ ಅವಳಿಗೆ ಸಾಕಾಗಿರಲಿಲ್ಲ. ಸಾಕಾಯಿತು ಎಂಬಂತೆ ದೇವರ ಮುಂದೆ ಹೇಳಿದರೆ ಅದು ಸುಳ್ಳಾಗುತ್ತಿತ್ತು.

ಸುಳ್ಳಲ್ಲದ್ದು ಏನಿದೆ?

“ಸ್ವಾಮಿ,” ಎಂದಳು. ದನಿ ಸಣ್ಣಗಿತ್ತು. “ನಿನ್ನೆ ನಮ್ಮಪ್ಪ ಅತ್ತ.”

ಹೇಳಿ ನಿಂತಳು. ಸಭೆಗೆ ಏನೂ ತಿಳಿಯಲಿಲ್ಲ. ಯಾರೂ ಸ್ತೋತ್ರ ಅನ್ನಲಿಲ್ಲ. ರೂಬೇನ ಬಾಯಿ ತೆರೆದ, ಆದರೆ ಅವನ ತಂದೆ ಕಿವಿಗೆ ಕೈ ಹಾಕುವ ಮೊದಲೇ ಮುಚ್ಚಿದ. ಉಪದೇಶಿಗಳು ಪೆನ್ಸಿಲ್ಲನ್ನು ಕೆಳಗಿಟ್ಟರು.

ತಪ್ಪು ಹೇಳಿದೆನೇನೋ ಎಂದು ಸಲೋಮಿಯ ಕಿವಿ ಬಿಸಿಯಾಯಿತು.

ಆಗ ಬಾಗಿಲಿನ ಕಡೆಯಿಂದ, ಕದದ ತುಕ್ಕು ಹಿಡಿದ ಬಿಜಾಗರಿ ತಿರುಗಿದಂತೆ, ಒರಟಾದ ಒಂದು ದನಿ ಬಂತು.

“ಸ್ತೋತ್ರ, ಸ್ವಾಮಿ.”

ಒಂದೇ ದನಿ. ಅದರ ಹಿಂದೆ ಉಪದೇಶಿಗಳ ದನಿ, ಅವರ ಹಿಂದೆ ಹೆಂಗಸರು, ಗಂಡಸರು, ಎಲ್ಲರೂ. “ಸ್ತೋತ್ರ, ಸ್ವಾಮಿ.” ತಗಡಿನ ಮಾಡು ಸಣ್ಣಗೆ ಗುಂಯ್‌ಗುಟ್ಟಿತು.

ಸಲೋಮಿ ಹಿಂದಿರುಗಿ ನೋಡಲಿಲ್ಲ. ಗಂಡಸರ ಸಾಲಿನಲ್ಲಿ ಜನ ಸರಿದು ಯಾರಿಗೋ ಜಾಗ ಮಾಡಿಕೊಡುತ್ತಿದ್ದ ಸದ್ದು ಕೇಳಿಸಿತು. ಅಷ್ಟು ಸಾಕಾಗಿತ್ತು. ಅವಳು ಕುಳಿತಳು.

ಅವಳ ಬಲಗಡೆ ಚಾಪೆಯ ಮೇಲೆ ಒಬ್ಬರು ಕೂಡುವಷ್ಟು ಜಾಗ ಖಾಲಿಯಿತ್ತು. ಮುಂದಿನ ವಾರವೂ ಅದು ಖಾಲಿಯಿರುತ್ತದೆ, ಮುಂದಿನ ವರುಷವೂ ಖಾಲಿಯಿರುತ್ತದೆ ಎಂಬುದು ಸಲೋಮಿಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿ ತಿಳಿಯಿತು. ಇಷ್ಟು ದಿನ ಅವಳು ಆ ಕಡೆ ನೋಡುತ್ತಲೇ ಇರಲಿಲ್ಲ. ಇಂದು ನೋಡಿದಳು. ಅಂಗೈಯಿಂದ ಆ ಚಾಪೆಯನ್ನು ಒಮ್ಮೆ ಸವರಿದಳು.

“ಎಂಟನೇ ಮನಿ,” ಎಂದರು ಉಪದೇಶಿಗಳು. ಎಂಟನೆಯ ಮನೆಯವರ ಬಾವಿಗೆ ನೀರು ಬಿದ್ದಿತ್ತು. ಸಲೋಮಿ ಎಲ್ಲರ ಜೊತೆಗೆ ಬಾಯಿ ತೆರೆದು “ಸ್ತೋತ್ರ, ಸ್ವಾಮಿ” ಎಂದಳು. ಅವಳ ದನಿ ಅವಳಿಗೇ ಕೇಳಿಸಿತು.

ವಾಚಕ ಮಿತ್ರರೇ, ಉಳಿದ ಮೂರು ಮನೆಗಳ ಉಪಕಾರಗಳನ್ನು ಆ ಮನೆಯವರೇ ಹೇಳಿಕೊಳ್ಳಲಿ. ಕತೆ ಹೇಳುವವನು ಹಾಸಿಗೆ ಸುತ್ತಿ ಹಗ್ಗ ಬಿಗಿದಾಯಿತು, ಚೀಲವನ್ನು ಹೆಗಲಿಗೆ ಹಾಕಿಕೊಂಡಾಯಿತು. ಚೀಲದಲ್ಲಿ, ದಾಂಡೇಲಿಯವರು ಕಾಗದದಲ್ಲಿ ಸುತ್ತಿ ಕೊಟ್ಟ ಎರಡು ಕರ್ಚಿಕಾಯಿಗಳಿವೆ. ಹಳಿಯಾಳದ ಬಸ್ಸು ಹಾರ್ನ್ ಹೊಡೆಯುತ್ತಿದೆ. ಅಲ್ಲಿಂದ ಮುಂಡಗೋಡಿಗೆ ಹೋಗುವುದೋ, ಇನ್ನೆಲ್ಲಿಗೋ, ದಾರಿಯೇ ಹೇಳಬೇಕು.